ನನ್ನ ಹೆಂಡತಿಯಿಂದ ನನ್ನನ್ನು ಕಾಪಾಡಬೇಡಿ

ಮಾನ್ಯ ಪರವಾನಗಿ ಅಧಿಕಾರಿಗಳೇ,

ತಾವು ನನ್ನನ್ನು ನನ್ನ ಹೆಂಡತಿಯಿಂದ ಕಾಪಾಡಲು ಹೊರಟು, ಕೊನೆಗೆ ನನ್ನ ಅಂಗಡಿಗೇ ಬೀಗ ಹಾಕಿಸಿದ್ದೀರಿ. ಕಾಪಾಡಿ ಎಂದು ನಾನು ಕೇಳಿರಲಿಲ್ಲ. ಮದುವೆಯಾದ ಹೊಸತರಲ್ಲಿ ಒಂದೆರಡು ಸಲ ಕೇಳಬೇಕೆನಿಸಿದ್ದು ನಿಜ. ಆದರೆ ತಮ್ಮ ಕಚೇರಿಯಲ್ಲಿ ಇಂಥದ್ದೊಂದು ಸೇವೆ ಸಿಗುತ್ತದೆಂದು ಆಗ ಗೊತ್ತಿರಲಿಲ್ಲ.

ನಾನೊಬ್ಬ ದರ್ಜಿ, ಮನೆಯ ಮುಂಬಾಗಿಲಲ್ಲೇ ಅಂಗಡಿ. ನಮ್ಮ ಬೀದಿಗೆ ಇದ್ದವನು ನಾನೊಬ್ಬನೇ, ಹಾಗಾಗಿ ಸ್ವಲ್ಪ ಗತ್ತೂ ಇತ್ತು. ‘ಹಳೆ ಬಟ್ಟೆ ರಿಪೇರಿ ಮಾಡುವುದಿಲ್ಲ’ ಎಂದು ಬೋರ್ಡು ಬರೆಸಿ ತೂಗುಹಾಕಿದ್ದೆ. ಪ್ಯಾಂಟು ಸೊಂಟಕ್ಕೆ ಬಿಗಿಯಾಯಿತು ಎಂದು ಬಂದವರಿಗೆ ಊಟ ಕಮ್ಮಿ ಮಾಡಿ ಎಂದು ಪುಕ್ಕಟೆ ಸಲಹೆ ಕೊಟ್ಟು ಕಳಿಸುತ್ತಿದ್ದೆ. ಅವರು ತಲೆಯಾಡಿಸಿ ಹೊರಟು, ಮನೆಯನ್ನು ಒಂದು ಸುತ್ತು ಹಾಕಿ, ಹಿಂಬಾಗಿಲಲ್ಲಿ ನನ್ನ ಹೆಂಡತಿಯ ಮುಂದೆ ನಿಲ್ಲುತ್ತಿದ್ದರು. ಅವಳು ಅಡುಗೆಮನೆಯ ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಊರಿನವರ ಸೊಂಟಗಳನ್ನೆಲ್ಲ ಸಡಿಲಿಸುತ್ತಿದ್ದಳು. ಮುಂಬಾಗಿಲಿಗಿಂತ ಹಿಂಬಾಗಿಲ ಸಾಲೇ ಉದ್ದವಾಯಿತು.

“ರೀ, ಜನ ನಿಂತು ನಿಂತು ಪಾತ್ರೆ ತೊಳೆಯೋಕೂ ಜಾಗ ಇಲ್ಲ. ಎದುರುಗಡೆ ರೂಮು ಖಾಲಿ ಇದೆಯಲ್ಲ, ಅಲ್ಲಿ ಅಂಗಡಿ ಹಾಕ್ತೀನಿ” ಎಂದಳು.

“ನನಗೇ ಪೈಪೋಟಿನಾ?”

“ನೀವು ರಿಪೇರಿ ಮಾಡಲ್ವಲ್ಲ, ಇನ್ನೇನು ತೊಂದ್ರೆ? ಹೊಸದೂ ಹೊಲೀತೀನಿ, ಈಗ್ಲೇ ಹೇಳಿಬಿಟ್ಟಿದೀನಿ. ಆಮೇಲೆ ಮುಖ ಊದಿಸ್ಕೊಂಡು ಕೂರಬೇಡಿ.”

ಅರ್ಜಿ ತಮ್ಮ ಕಚೇರಿಗೆ ಬಂತು. ಆಗ ತಿಳಿಯಿತು, ಒಂದೇ ಬೀದಿಯಲ್ಲಿ ಅದೇ ಕಸುಬಿನ ಎರಡನೆಯ ಅಂಗಡಿ ತೆರೆಯಬೇಕಾದರೆ ‘ಸಾರ್ವಜನಿಕ ಅಗತ್ಯ’ವನ್ನು ಸಾಬೀತು ಮಾಡಬೇಕಂತೆ. ಇಲ್ಲದಿದ್ದರೆ ‘ಅನಾರೋಗ್ಯಕರ ಪೈಪೋಟಿ’ ಉಂಟಾಗುತ್ತದಂತೆ. ಆ ಅಗತ್ಯ ಇದೆಯೋ ಇಲ್ಲವೋ ಎಂದು ಹೇಳಬೇಕಾದವರು ಯಾರು? ಈಗಾಗಲೇ ಅಂಗಡಿ ಇಟ್ಟುಕೊಂಡು ಕೂತವರು! ಇನ್ನೊಂದು ಮಗು ಬೇಕೇ ಎಂದು ಅಪ್ಪ ಅಮ್ಮ ಹಿರೀಮಗನ ಒಪ್ಪಿಗೆ ಕೇಳಿಕೊಂಡು ನಿಂತ ಹಾಗಾಯಿತು ಇದು. ಸ್ವಾಮಿ, ಅಗತ್ಯ ಎಷ್ಟಿದೆ ಎನ್ನುವುದು ಗುಂಡಿ ಹಾಕಲಾಗದ ಪ್ಯಾಂಟು ಹಿಡಿದು ಹಿಂಬಾಗಿಲಲ್ಲಿ ನಿಂತವರಿಗೆ ಗೊತ್ತು. ಅವರನ್ನು ತಾವು ಒಂದು ಮಾತೂ ಕೇಳಲಿಲ್ಲ. ಇಡೀ ಬೀದಿಯ ಸೊಂಟದಳತೆ ಮೇಜಿನ ಹಿಂದೆ ಕೂತ ತಮಗೆ ಹೇಗೆ ಗೊತ್ತಾಗುತ್ತದೆ?

ಇರಲಿ. ‘ಬೇಡಿಕೆಯನ್ನು ಪೂರೈಸಲು ನಾನು ಅಸಮರ್ಥನೆಂದು ಈ ಮೂಲಕ ಪ್ರಮಾಣೀಕರಿಸುತ್ತೇನೆ’ ಎಂದು ಅಚ್ಚಾಗಿದ್ದ ತಮ್ಮ ಕಚೇರಿಯ ಕಾಗದಕ್ಕೆ ನಗುನಗುತ್ತಲೇ ಸಹಿ ಹಾಕಿದೆ. ಹೆಂಡತಿ ಅದನ್ನು ಎರಡೆರಡು ಸಲ ಓದಿ, “ಇಷ್ಟು ವರ್ಷ ನಾನು ಬಾಯಲ್ಲಿ ಹೇಳಿದ್ನ ಇವರು ಅಚ್ಚು ಹಾಕ್ಸಿ ಇಟ್ಟಿದಾರೆ” ಎಂದು ಸಂತೋಷಪಟ್ಟಳು.

ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಪ್ರಯಾಣ ಮಾಡುತ್ತಿದ್ದಷ್ಟು ದಿನ ಅವಳಿಗೆ ತಾತ್ಕಾಲಿಕ ಅನುಮತಿ ಸಿಕ್ಕಿತು. ಎರಡು ಅಂಗಡಿಗಳೂ ಎದುರುಬದುರು ತೆರೆದಿದ್ದವು. ಅಧಿಕಾರಿಗಳೇ, ಆ ಅನಾರೋಗ್ಯದ ಸುಖ ಏನೆಂದು ಹೇಳಲಿ! ಅವಳು ಬೆಳಿಗ್ಗೆ ಬೇಗ ಬಾಗಿಲು ತೆರೆದರೆ ನಾನು ಇನ್ನೂ ಬೇಗ ತೆರೆದೆ. ನಾನು ಗಿರಾಕಿಗಳಿಗೆ ಕುರ್ಚಿ ಹಾಕಿದರೆ ಅವಳು ಕುರ್ಚಿಗೆ ಮೆತ್ತೆ ಹೊಲಿದು ಹಾಕಿದಳು. ನನ್ನ ರಿಪೇರಿ ಬೋರ್ಡನ್ನು ಸದ್ದಿಲ್ಲದೆ ಇಳಿಸಿ ಮಂಚದ ಕೆಳಗೆ ತಳ್ಳಿದೆ. ಎಲ್ಲಕ್ಕಿಂತ ದೊಡ್ಡ ಪವಾಡವೆಂದರೆ, ‘ನಾಳೆ ಬನ್ನಿ’ ಎನ್ನದೆ ಬಾಯಿ ತೆರೆಯಲು ಬಾರದ ನಾನು, ಪಕ್ಕದ ಬೀದಿಯ ಮೇಷ್ಟ್ರ ಕೋಟನ್ನು ಹೇಳಿದ ದಿನವೇ ಇಸ್ತ್ರಿ ಮಾಡಿ ತೂಗುಹಾಕಿದೆ. ಮೇಷ್ಟ್ರು ಬರಲೇ ಇಲ್ಲ. ದರ್ಜಿ ಹೇಳಿದ ದಿನಕ್ಕೆ ಹೋಗಿ ಏನು ಪ್ರಯೋಜನ ಎಂದು ಅಭ್ಯಾಸಬಲದಿಂದ ಮಾರನೆಯ ದಿನ ಬಂದರು. ಕೋಟು ಸಿದ್ಧವಿರುವುದನ್ನು ಕಂಡು, “ಏನ್ರೀ, ಮೈ ಹುಷಾರಿಲ್ವಾ?” ಎಂದು ಗಾಬರಿಯಿಂದ ವಿಚಾರಿಸಿದರು.

ಆಮೇಲೆ ತಮ್ಮ ಆದೇಶ ಬಂತು. ಒಂದೇ ಲಕೋಟೆಯಲ್ಲಿ ಎರಡು. ನನ್ನ ಅಸಮರ್ಥತೆಯನ್ನು ನಾನೇ ಒಪ್ಪಿಕೊಂಡಿರುವ ಕಾರಣ ನನ್ನ ಪರವಾನಗಿ ರದ್ದು. ಬೀದಿಯಲ್ಲಿ ಈಗ ದರ್ಜಿಯೇ ಇಲ್ಲದಿರುವ ಕಾರಣ ಸಾರ್ವಜನಿಕ ಅಗತ್ಯ ಸಾಬೀತಾಗಿ, ನನ್ನ ಹೆಂಡತಿಗೆ ಪರವಾನಗಿ ಮಂಜೂರು!

ಓಡೋಡಿ ತಮ್ಮ ಕಚೇರಿಗೆ ಬಂದೆ. ಗುಮಾಸ್ತರು ಬಹಳ ಸಮಾಧಾನದ ಮನುಷ್ಯರು.

“ಹೊಸದಾಗಿ ಅರ್ಜಿ ಹಾಕಿ, ಯಜಮಾನ್ರೇ. ಆದ್ರೆ ನಿಮ್ಮ ಬೀದೀಲಿ ಈಗ ಒಬ್ರು ಇದಾರಲ್ಲ, ಅವರ ಕೈಲಿ ಆಗಲ್ಲ ಅಂತ ಬರೆಸ್ಕೊಂಡು ಬನ್ನಿ.”

“ಅವರು ನನ್ನ ಹೆಂಡತಿ, ಸಾರ್.”

“ಹಾಗಾದ್ರೆ ಸುಲಭ ಆಯ್ತಲ್ಲ!”

ಅವರಿಗಿನ್ನೂ ಮದುವೆಯಾಗಿಲ್ಲ ಎಂದು ಕಾಣುತ್ತದೆ.

“ನನ್ನ ಕೈಲಾಗಲ್ಲ ಅಂತ ಸುಳ್ಳು ಯಾಕೆ ಬರೀಲಿ?” ಎಂದಳು ಹೆಂಡತಿ, ನಾನು ಮನೆಗೆ ಬಂದು ಕೇಳಿದಾಗ. “ಬರೆದ್ರೆ ನಂದೂ ಮುಚ್ಚಿಸ್ತಾರೆ. ಆಮೇಲೆ ನೀವು, ಆಮೇಲೆ ನಾನು. ಇದೇನು ಕುರ್ಚಿ ಆಟಾನಾ?” ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ನಾನು ಅವಳ ಅಂಗಡಿಯ ಮೂಲೆಯಲ್ಲಿ ಕೂತು ಗುಂಡಿ ಹೊಲಿಯತೊಡಗಿದೆ. ಎದುರಿಗಿದ್ದ ನನ್ನ ಅಂಗಡಿಯ ಮುಚ್ಚಿದ ಬಾಗಿಲು ಕಾಣದಂತೆ ಬೆನ್ನು ತಿರುಗಿಸಿ ಕೂರುತ್ತಿದ್ದೆ. ಈ ಕಡೆ ಬೆಳಕು ಚೆನ್ನಾಗಿದೆ ಎಂದು ಅವಳಿಗೆ ಹೇಳಿದ್ದೆ.

ಮೊನ್ನೆ ಅದೇ ಮೇಷ್ಟ್ರು ಪ್ಯಾಂಟಿನ ಅಂಚು ಮಡಿಸಲು ಕೊಟ್ಟಿದ್ದನ್ನು ಕೇಳಲು ಬಂದರು. ನನ್ನ ಹೆಂಡತಿ ತಲೆ ಎತ್ತದೆ, ಯಂತ್ರ ನಿಲ್ಲಿಸದೆ ಅಂದಳು: “ನಾಳೆ ಬನ್ನಿ.”

ನನ್ನ ಕೈಯಲ್ಲಿದ್ದ ಗುಂಡಿ ಕೆಳಗೆ ಬಿತ್ತು. ಆ ಮಾತು ನನ್ನ ಸ್ವಭಾವ ಎಂದು ಇಷ್ಟು ದಿನ ನಂಬಿದ್ದೆ, ಅವಳೂ ನಂಬಿದ್ದಳು. ಅದು ನನ್ನದಲ್ಲ, ಎದುರಾಳಿಯೇ ಇಲ್ಲದ ಕುರ್ಚಿಯದು! ಇವಳಂಥವಳನ್ನೇ ಆ ಕುರ್ಚಿ ಬಿಡಲಿಲ್ಲವೆಂದರೆ ಇನ್ನು ಯಾರನ್ನು ಬಿಟ್ಟೀತು? ಮೇಷ್ಟ್ರು ಹೋದ ಮೇಲೆ ಅವಳು ಯಂತ್ರ ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ರೀ, ನಾನು ಈಗ ಏನಂದೆ, ಕೇಳಿಸ್ತಾ?”

“ಕೇಳಿಸ್ತು.”

“ಗುಂಡಿ ಆಮೇಲೆ ಹಾಕಿ. ಮೊದ್ಲು ಆ ಅಧಿಕಾರಿಗಳಿಗೆ ಒಂದು ಪತ್ರ ಬರೀರಿ. ನಂಗೆ ಎದುರಂಗಡಿ ಬೇಕು.”

ಆದ್ದರಿಂದ ಇಬ್ಬರ ಪರವಾಗಿ ಕೇಳುತ್ತಿದ್ದೇನೆ. ಈ ಅಗತ್ಯದ ನಿಯಮವನ್ನು ಕಿತ್ತುಹಾಕಿ. ನಮ್ಮ ಅಂಗಡಿಯ ವಿದ್ಯುತ್ ತಂತಿ ಸರಿಯಿದೆಯೇ ನೋಡಿ, ಅಳತೆಯಲ್ಲಿ ಮೋಸವಾದರೆ ದಂಡ ಹಾಕಿ, ತೆರಿಗೆ ಕೇಳಿ, ಬೇಡವೆನ್ನುವುದಿಲ್ಲ. ಆದರೆ ಬೀದಿಗೆ ಎಷ್ಟು ದರ್ಜಿಗಳು ಬೇಕೆಂಬ ಲೆಕ್ಕವನ್ನು ಪ್ಯಾಂಟು ತೊಡುವವರಿಗೆ ಬಿಡಿ. ಇಬ್ಬರಲ್ಲಿ ಯಾರ ಅಂಗಡಿ ಉಳಿಯಬೇಕೋ ಅದನ್ನು ಅವರೇ ಉಳಿಸುತ್ತಾರೆ. ನನ್ನದು ಸೋತರೆ ನನ್ನ ಹೆಂಡತಿಯ ಕೈಯಲ್ಲಿ ಸೋಲುತ್ತೇನೆ. ಅದು ನನಗೆ ರೂಢಿಯಾಗಿದೆ.

ಈ ಪತ್ರಕ್ಕೆ ಉತ್ತರ ಯಾವಾಗ ಎಂದು ಖುದ್ದಾಗಿ ಬಂದು ಕೇಳುತ್ತೇನೆ. ತಮ್ಮ ಕಚೇರಿಗೂ ಎದುರು ಕಚೇರಿ ಇಲ್ಲದ ಕಾರಣ, ಏನು ಹೇಳುತ್ತೀರೆಂದು ನನಗೆ ಗೊತ್ತಿದೆ. ದಯವಿಟ್ಟು ಅದೊಂದನ್ನು ಬಿಟ್ಟು ಬೇರೇನಾದರೂ ಹೇಳಿ.

ಇಂತಿ,
ತಾವೇ ಮೊಹರು ಒತ್ತಿ ಒಪ್ಪಿಕೊಂಡ ಅಸಮರ್ಥ,
ಬೀದಿಯ ಏಕೈಕ ದರ್ಜಿಯ ಗಂಡ