ನನ್ನನ್ನು ಗೋಡೆಯಿಂದ ಇಳಿಸಿ

ರಂಗಮಂದಿರದ ಮಾನ್ಯ ಆಡಳಿತಾಧಿಕಾರಿಗಳೇ,

ನಾನು ಸತ್ತಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳಾದರೂ ಇಷ್ಟು ಮಾತ್ರ ಖಚಿತವಾಗಿ ಬಲ್ಲೆ. ತಾವು ಓದಿದವರು, ‘ಅಗಲಿದ ಕಲಾವಿದರು’ ಎಂಬ ಬೋರ್ಡಿನ ಕೆಳಗೆ ನನ್ನ ಫೋಟೊ ನೇತುಹಾಕಿದ್ದೀರಿ.

ಆ ಫೋಟೊ ಎಲ್ಲಿಯದು ಗೊತ್ತೇ? ಜೀವಮಾನವೆಲ್ಲ ನಾಟಕಗಳಲ್ಲಿ ಗಂಟಲು ಹರಿದುಕೊಂಡವಳಿಗೆ ಸಿನಿಮಾದಲ್ಲಿ ಸಿಕ್ಕಿದ್ದು ಮೂರೇ ಪಾತ್ರ. ಒಂದರಲ್ಲಿ ಬಾಗಿಲು ತೆರೆದೆ. ಇನ್ನೊಂದರಲ್ಲಿ ನೀರು ತಂದಿಟ್ಟೆ. ಮೂರನೆಯದರಲ್ಲಿ ನಾಯಕನ ತೀರಿಹೋದ ತಾಯಿ, ಅಂದರೆ ಗೋಡೆಯ ಮೇಲಿನ ಫೋಟೊ. ಕೂದಲಿಗೆ ಬಿಳಿ ಬಳಿದು, “ಅಮ್ಮಾ, ಸತ್ತೋರ ಥರ ಸ್ವಲ್ಪ ಶಾಂತವಾಗಿ ನಗಿ” ಅಂದಿದ್ದರು. ಹಾಗೆ ನಾನು ಜನ್ಮದಲ್ಲಿ ನಕ್ಕವಳಲ್ಲ. ತಮ್ಮ ಕಚೇರಿ ಆ ನಗುವನ್ನೇ ಸಾವಿನ ಪುರಾವೆಯೆಂದು ಅಂಗೀಕರಿಸಿದೆ!

ಕೇಳೋಣವೆಂದು ಬಂದೆ. ನಿಮ್ಮ ಕಾವಲುಗಾರ ಫೋಟೊ ನೋಡಿದ, ನನ್ನನ್ನು ನೋಡಿದ. “ನಿಮ್ಮ ಅಕ್ಕನಾ, ಅಜ್ಜಿ? ಮೂಗು ಹಾಗೇ ಇದೆ. ಪಾಪ, ಯಾವಾಗ ಹೋದ್ರು?”

“ಹೋಗಿಲ್ಲ ಕಣೋ, ಈಗಷ್ಟೇ ಬಸ್ಸಿಳಿದು ಬಂದಿದ್ದಾಳೆ!”

ಇದು ನಗುವ ವಿಷಯವೆಂದು ತಾವು ಭಾವಿಸಬೇಡಿ. ಹೊಸ ನಾಟಕದಲ್ಲಿ ಜಗಳಗಂಟಿ ಅತ್ತೆಯ ಪಾತ್ರ ನನ್ನದೆಂದು ಮಾತಾಗಿತ್ತು. ತಂಡದ ಯಜಮಾನ ಮಾರುಕಟ್ಟೆಯಲ್ಲಿ ನನ್ನನ್ನು ಕಂಡು ಬಿಳಿಚಿಕೊಂಡ. “ಅಯ್ಯೋ ಅಕ್ಕಾ! ಗೋಡೆ ಮೇಲೆ ನಿಮ್ಮ ಫೋಟೊ ನೋಡಿ ಆ ಪಾತ್ರ ಬೇರೆಯೋರಿಗೆ ಕೊಟ್ಬಿಟ್ಟೆ.”

“ನೋಡಿದೋನು ಮನೆಗೆ ಬಂದು ಎರಡು ಹನಿ ಅಳಬಾರದಿತ್ತೇನೋ?”

“ಯಾರ ಹತ್ರ ಅಳೋಕೆ ಬರ್ಲಿ ಅಕ್ಕಾ? ಮನೇಲಿ ಯಾರಿದ್ದಾರೆ?”

ತರಕಾರಿ ಕೊಳ್ಳುವುದನ್ನೂ ಮರೆತು ಮನೆಗೆ ಬಂದೆ. ಅವನು ಹೇಳಿದ್ದು ಸುಳ್ಳೇ? ನಾನು ಸತ್ತ ಸುದ್ದಿ ಊರೆಲ್ಲ ಓಡಾಡಿದೆ. ನನ್ನ ಬಾಗಿಲಿಗೆ ಮಾತ್ರ ಒಬ್ಬರೂ ಬಂದಿಲ್ಲ.

ನಮ್ಮಲ್ಲಿ ಒಂದು ಪದ್ಧತಿಯಿದೆ, ಸ್ವಾಮಿ. ನಾಟಕದಲ್ಲಿ ಸತ್ತವರು ಕೊನೆಗೆ ಎದ್ದು ಬಂದು ಎಲ್ಲರ ಜೊತೆ ಸಾಲಿನಲ್ಲಿ ನಿಂತು ಕೈಮುಗಿಯುತ್ತಾರೆ. ನನಗೆ ಅಷ್ಟಾದರೂ ಕೊಡಿ. ಕದ್ದುಮುಚ್ಚಿ ತೆಗೆಸಬೇಡಿ, ಹೊಸ ನಾಟಕದ ದಿನ, ಜನ ತುಂಬಿರುವಾಗ, ನನ್ನ ಕೈಯಿಂದಲೇ ಆ ಫೋಟೊ ತೆಗೆಸಿ.

ಮೊಳೆ ಇರಲಿ, ಕೀಳಬೇಡಿ. ಇವತ್ತಲ್ಲ ನಾಳೆ ಬೇಕಾಗುತ್ತದೆ. ಮತ್ತೆ ಹಾಕುವ ಮುಂಚೆ ಮಾತ್ರ ಯಾರನ್ನಾದರೂ ಮನೆಗೆ ಕಳಿಸಿ ಬಾಗಿಲು ತಟ್ಟಿಸಿ. ಬದುಕಿದ್ದರೆ ತೆರೆಯುತ್ತೇನೆ. ಆ ಪಾತ್ರ ಮಾಡಿ ಅಭ್ಯಾಸವಿದೆ.

ಇಂತಿ,
ತಮ್ಮ ಗೋಡೆಯ ಎಡತುದಿಯಲ್ಲಿ ಶಾಂತವಾಗಿ ನಗುತ್ತಿರುವವಳು