ಹೆಸರಿಟ್ಟವರೇ ಬಿಡಿಸಬೇಕು

ಜೂನ್ 3, ಸೋಮವಾರ

ಬೆಳಿಗ್ಗೆ ರಾಗಿ ಗಂಜಿ, ಮಾತ್ರೆ, ಸ್ವಲ್ಪ ನಡಿಗೆ. ಗಂಜಿ ಬಿದ್ದ ಕೂಡಲೇ ಹೊಟ್ಟೆಯೊಳಗಿನದು ಒದೆಯುತ್ತದೆ. ಚಳ್ಳಕೆರೆ ಕಾಲೇಜಿಗೆ ರಜೆ ಹಾಕಿ ಮೊಳಕಾಲ್ಮೂರಿಗೆ ಬಂದ ಮೇಲೆ ಇದೇ ನನ್ನ ಟೈಮ್‌ಟೇಬಲ್. ಏಳು ತಿಂಗಳು ತುಂಬಿದ ಮೇಲೆ ಅಣ್ಣ ಬಂದು ತವರಿಗೆ ಕರೆದೊಯ್ಯುತ್ತಾನೆ. ಅಲ್ಲಿಯವರೆಗೆ ಅತ್ತೆ ಮನೆ, ಮಗ್ಗದ ಸದ್ದು.

ಸುಮ್ಮನೆ ಕೂರಲಾರದೆ ಪಿಯು ಮಕ್ಕಳಿಗೆ ನೋಟ್ಸ್ ಬರೆಯುತ್ತಿದ್ದೇನೆ. ಅವ್ಯವಸ್ಥೆಗೆ ನಮ್ಮಲ್ಲಿ ಎಷ್ಟೊಂದು ಮಾತು! ಸಾಮಾನು ಬಿದ್ದರೆ ಚೆಲ್ಲಾಪಿಲ್ಲಿ. ತಲೆಯೊಳಗಾದರೆ ಗೊಂದಲ, ಎದೆಯೊಳಗಾದರೆ ಗಲಿಬಿಲಿ. ಬಾಯಲ್ಲೇ ಮುಗಿದರೆ ಗಲಾಟೆ, ಕಲ್ಲು ಬಿದ್ದರೆ ದೊಂಬಿ. ಗಂಡ ಬೈಕಿನ ಕೀ ಹುಡುಕಲು ಶುರುಮಾಡಿದರೆ ರಾದ್ಧಾಂತ. ವೀರೇಶ್‌ಗೆ ಓದಿ ಹೇಳಿದೆ. ನಗಲೇ ಇಲ್ಲ.

"ಮೆಲ್ಲಗೆ ಮಾರಾಯ್ತಿ. ಮಗ್ಗದ ಮುಂದೆ ಅವೆಲ್ಲ ಬ್ಯಾಡ."

ನೇಕಾರರ ಮನೆ ಶಾಸ್ತ್ರ ಇರಬೇಕು. ಅತ್ತೆ ಕೇಳಿಸಿಕೊಳ್ಳುತ್ತಿದ್ದರು. ಅವರ ಬೆರಳು ಎಂದೂ ಸುಮ್ಮನಿರುವುದಿಲ್ಲ. ನಿದ್ದೆಯಲ್ಲೂ ಕಾಣದ ದಾರವೊಂದನ್ನು ಬಿಡಿಸುತ್ತಿರುತ್ತವೆ. ನರದ ತೊಂದರೆಯಂತೆ.

ಜೂನ್ 5, ಬುಧವಾರ

ಮಧ್ಯಾಹ್ನ ಅತ್ತೆ ಹಿಂದಿನ ಕೋಣೆ ತೆಗೆದರು. ನಾನು ಮದುವೆಯಾಗಿ ಬಂದಾಗಿನಿಂದ ಬೀಗ ಬಿದ್ದಿದ್ದ ಕೋಣೆ. ಒಳಗೆ ಹಳೇ ಗುಣಿಮಗ್ಗ. ಕೂತವರು ಕಾಲು ಇಳಿಬಿಡಲು ನೆಲದಲ್ಲಿ ಗುಂಡಿ. ಅದರ ಮೇಲೆ ಅರ್ಧ ನೇಯ್ದ ಕೆಂಪು ಸೀರೆ. ಉಳಿದ ಎಳೆಗಳೆಲ್ಲ ಒಂದರೊಳಗೊಂದು ಹೊಕ್ಕು ಗುಬ್ಬಿ ಗೂಡಾಗಿವೆ. ಎಲ್ಲೂ ಧೂಳಿಲ್ಲ.

"ನೀನು ಕನ್ನಡ ಮೇಡಂ ಅಲ್ಲೇನವ್ವ? ಇದಕ್ಕೇನಂತಾರೆ, ಹೇಳು ನೋಡಾನ."

ಮೇಡಂ ಅನ್ನಿಸಿಕೊಂಡ ಬಾಯಿ ಸುಮ್ಮನಿದ್ದೀತೇ? "ಸಿಕ್ಕು ಅಂತಾರೆ ಅತ್ತೆ. ಗೋಜಲು ಅಂತಾರೆ. ಕಗ್ಗಂಟು ಅಂತಲೂ ಅಂತಾರೆ."

ಅತ್ತೆ ನನ್ನ ಗಲ್ಲ ಹಿಡಿದು ಅತ್ತರು. ಬೀಗ ಹಾಕದೆ ಹೊರಟುಹೋದರು.

ಸಂಜೆ ಟೀ ಕೊಡುವಾಗ ನೋಡಿದೆ. ಅವರ ಬೆರಳು ಮಡಿಲಲ್ಲಿ ಸುಮ್ಮನೆ ಮಲಗಿದ್ದವು.

ಜೂನ್ 9, ಭಾನುವಾರ

ಬೆಳಿಗ್ಗೆಯಿಂದ ಮಗು ಅಲುಗಾಡಲಿಲ್ಲ. ಗಂಜಿ ಕುಡಿದೆ, ಎಡಕ್ಕೆ ಮಲಗಿದೆ, ಸಿಹಿ ತಿಂದೆ... ಇಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನ್. "ಹಾರ್ಟ್‌ಬೀಟ್ ನಾರ್ಮಲ್. ಟೆನ್ಷನ್ ಮಾಡ್ಕೋಬೇಡಿ." ಮನೆಗೆ ಬಂದು ಹಿತ್ತಲಿಗೆ ಹೊರಟೆ. ಹಿಂದಿನ ಕೋಣೆ ದಾಟುವಾಗ ಒದೆಯಿತು! ಮುಂದೆ ಹೋದೆ, ನಿಂತಿತು. ವಾಪಸ್ ಬಂದೆ, ಒದೆಯಿತು. ಗುಂಡಿಗೆ ಕಾಲು ಇಳಿಬಿಟ್ಟು ಕೂತ ಮೇಲೆ ಆರಾಮಾಗಿ ಆಡತೊಡಗಿತು.

ಪಕ್ಕದ ಮನೆ ಮುದ್ದಕ್ಕ ನಮ್ಮಲ್ಲಿ ದಾರ ಸುತ್ತಲು ಬರುತ್ತಾಳೆ. ಬಾಗಿಲಲ್ಲಿ ನನ್ನನ್ನು ಕಂಡು ಬಾಯಿ ಮುಚ್ಚಿಕೊಂಡಳು.

"ಹೆಸರು ಎತ್ತಿದೇನೇ ತಾಯಿ? ಮಗ್ಗದ ಮನ್ಯಾಗೆ ಎಳೆ ಹೆಂಗೇ ಕೆಡ್ಲಿ, 'ಕೆಲಸ ಐತೆ' ಅನ್ನಬೇಕು. ಹೆಸರಿಟ್ಟೋರೇ ಕುಂತು ಬಿಡಿಸಬೇಕು. ಬಿಡಿಸೋಗಂಟ ಬಿಡುಗಡೆ ಇಲ್ಲ."

"ಇದಕ್ಕೆ ಮೊದಲು ಯಾರು ಹೆಸರಿಟ್ಟಿದ್ದು?"

"ನಿಮ್ಮತ್ತೆ. ಸೊಸೆಯಾಗಿ ಬಂದಾಗ. ಅವಳ ಬಾಯಾಗೆ ಅವಳತ್ತೆ ಅನ್ನಿಸಿದ್ಲು. ಬ್ಯಾರೆಯೋರು ಅಂದ್ರೆ ಅವರ ಪಾಲಿಗೆ ಹೋತದೆ."

ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುತ್ತೇವೆ. ಬಳೆ ಒಡೆದರೆ ಹೆಚ್ಚಿತು ಎನ್ನುತ್ತೇವೆ. ಕ್ಲಾಸಿನಲ್ಲಿ ಇದನ್ನೆಲ್ಲ ನಗುನಗುತ್ತಾ ಪಾಠ ಮಾಡಿದವಳು ನಾನು. ಈಗ ನಗು ಬರಲಿಲ್ಲ.

ಜೂನ್ 12

ಕತ್ತರಿ ತಂದೆ. ಎಳೆಗೆ ತಾಗಿಸಿದ್ದಷ್ಟೇ, ಹೊಟ್ಟೆ ಕಲ್ಲಿನಂತೆ ಬಿಗಿಯಿತು. ಕೆಳಗಿಟ್ಟೆ.

ವೀರೇಶ್‌ಗೆ ನೇರವಾಗಿ ಕೇಳಿದೆ. "ಇದು ನಿಮ್ಮದೂ ಮಗು ತಾನೆ? ಇಲ್ಲಿ ನೋಡಿ, ಇದೇನು ಅಂತ ಒಂದು ಸಲ ಹೇಳಿ. ಕನ್ನಡ ಬೇಡ, ತೆಲುಗಲ್ಲಾದರೂ ಹೇಳಿ."

ಎಳೆ ನೋಡಿದರು. ಹೊಟ್ಟೆ ನೋಡಿದರು. ತುಟಿ ಅಲುಗಿತು. ನಂತರ ಟವೆಲ್ ಬಾಯಿಗೆ ಒತ್ತಿಕೊಂಡು, ಕೀ ಹುಡುಕದೆ, ನಡೆದೇ ಹೊರಟುಹೋದರು. ಥೂ.

ಜೂನ್ 17

ಬಿಡಿಸಿಟ್ಟ ಎಳೆ ಬೆಳಗಾಗುವುದರೊಳಗೆ ಮತ್ತೆ ಒಳಗೆ ಹೊಕ್ಕಿರುತ್ತದೆ. ಅದೇ ಎಳೆ, ಗುರುತಿದೆ ನನಗೆ. ಪೆನ್ನು ಹಿಡಿದರೆ ಬಲಗೈ ಬೆರಳು ಪೆನ್ನಿನ ಸುತ್ತ ಏನನ್ನೋ ಬಿಚ್ಚುತ್ತವೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ವಕ್ರ.

ಎದ್ದರೆ ಮಗು ಅಲುಗುವುದಿಲ್ಲ, ಅದಕ್ಕೇ ಅತ್ತೆ ಊಟ ಈ ಗುಂಡಿಗೇ ತರುತ್ತಾರೆ. ತುತ್ತು ಮಾಡಿ ತಿನ್ನಿಸುತ್ತಾರೆ, ತಲೆ ಬಾಚುತ್ತಾರೆ. ಹೆತ್ತವ್ವನೂ ಇಷ್ಟು ಮಾಡಲಾರಳು. ದ್ವೇಷಿಸಲು ನೋಡಿದೆ, ಆಗುತ್ತಿಲ್ಲ. ಇವತ್ತು ಜಡೆ ಹೆಣೆಯುತ್ತಾ ಕಿವಿಯ ಹತ್ತಿರ ಹೇಳಿದರು:

"ಶುಕ್ರವಾರ ನಿಮ್ಮಣ್ಣ ಬರ್ತಾನಲ್ಲ. ಇಲ್ಲಿಗೇ ಕರಿ. ಹೊರಗಿನೋನು, ಕಂಡದ್ದು ಅಂದುಬಿಡ್ತಾನೆ. ನೀನೇನೂ ಕೇಳಾದೇ ಬ್ಯಾಡ."

ಜೂನ್ 18

ಅಣ್ಣನಿಗೆ ಫೋನ್ ಮಾಡಿದೆ. ಅಪ್ಪ ಹೋದ ಮೇಲೆ ಎಣ್ಣೆ ಮಿಲ್ಲಿನಲ್ಲಿ ದುಡಿದು ನನ್ನನ್ನು ಎಂ.ಎ. ಓದಿಸಿದವನು ಸಂಗಮೇಶಣ್ಣ. ಬಾಯಿ ಮಾತ್ರ ನಿಲ್ಲುವುದಿಲ್ಲ. ಕಂಡದ್ದಕ್ಕೆಲ್ಲ ಒಂದು ಮಾತು ಆಡಿಯೇ ಆಡುತ್ತಾನೆ.

"ಬರಬೇಡ ಅಣ್ಣ, ನಾನು ಇಲ್ಲೇ ಇರ್ತೀನಿ."

"ಹುಚ್ಚಿ! ಸೀಟು ಹಿಂದಕ್ಕೆ ಹಾಕಿಸೀನಿ, ದಿಂಬು ಇಟ್ಟೀನಿ. ಅವ್ವ ಕೋಣೆಗೆ ಸುಣ್ಣ ಬಳಿಸ್ಯಾಳೆ. ಬರ್ತೀನಿ, ಸುಮ್ನಿರು."

ಕಾರಣ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದ್ದರೆ ಅವನು ಬರುತ್ತಿರಲಿಲ್ಲ — ಎಂದು ಹೆದರಿದೆನೇ? ಎಡಗೈ ಬರೆದದ್ದು ಇದು. ಹೊಡೆದುಹಾಕುವುದಿಲ್ಲ.

ಜೂನ್ 20

ಇಲ್ಲ. ಅಣ್ಣ ಬೇಡ. ಅವನಿಗೂ ಇಬ್ಬರು ಮಕ್ಕಳು. ಅವನು ಬಂದ ಸದ್ದು ಕೇಳಿದ ತಕ್ಷಣ ಈ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕುವುದು. ನಿದ್ದೆ ಮಾಡುತ್ತಿದ್ದೇನೆ ಎಂದು ಕೂಗಿ ಹೇಳುವುದು. ಚಿಲಕ ಕೂತಲ್ಲಿಗೇ ಎಟುಕುತ್ತದೆ. ಹಾಕಿ ತೆಗೆದು ನೋಡಿದೆ. ಸಲೀಸು.

ಜೂನ್ 21, ಶುಕ್ರವಾರ. ಬೆಳಿಗ್ಗೆ 11

ಕಾರು ನಿಂತಿತು. ಅಣ್ಣನ ದನಿ. "ಏನ್ರಿ ಅತ್ತೆಮ್ಮ, ಎಲ್ಲಿ ನಮ್ಮ ಗಂಗಾ?"

ಅತ್ತೆಯ ದನಿ. "ಒಳಗೆ ಅವಳಿಗೆ ಕೆಲಸ ಐತಪ್ಪ. ಹೋಗಿ ನೋಡು."

ಮಗು ಒದೆಯುತ್ತಿದೆ, ಖುಷಿಯಾಗಿ. ನಡುಮನೆ ದಾಟಿದ. ಏನೋ ಹಾಡು ಗುನುಗುತ್ತಿದ್ದಾನೆ. ಬಾಗಿಲು ತೆರೆದೇ ಇದೆ. ಚಿಲಕ ಇಲ್ಲೇ, ಕೈ ಚಾಚಿದರೆ ಸಾಕು. ಹಾಕುತ್ತೇನೆ. ಈಗಲೇ ಹಾಕುತ್ತೇನೆ. ಈ ಒಂದೇ ಒಂದು ಎಳೆ ಬಿಡಿಸಿ