ನೀರಿನಡಿ ಎತ್ತಿದ ಕೈ

ಅಪಿಸಾಯಿ ಭಾವನಿಗೆ,

ದಡದ ಮೇಲೆ ಉಳಿದ ಕಿತಿಯೋನೆ ಬರೆಯುವುದು. ಬರೇ ಮೂರು ತಿಂಗಳು ದೊಡ್ಡವನಾದ ನಿನ್ನನ್ನು ಭಾವ ಎಂದು ಕರೆಯಬೇಕಲ್ಲ ಎಂಬ ಹೊಟ್ಟೆಯುರಿ ನನಗೆ ಚಿಕ್ಕಂದಿನಿಂದ ಇತ್ತು. ಇದನ್ನು ಬರೆಯುವಾಗಲೂ ಇದೆ. ಇರಲಿ.

ಚಂಡಮಾರುತ ನಮ್ಮ ದ್ವೀಪ ದಾಟಿ ಹೋಗಿ ಇಂದಿಗೆ ಹನ್ನೊಂದು ದಿನ. ನೀನು ತರಲು ಹೋದ ದೋಣಿ ಎರಡನೆಯ ದಿನವೇ ಉತ್ತರದ ದಿಬ್ಬದ ಮೇಲೆ ಕವುಚಿ ಬಿದ್ದದ್ದು ಸಿಕ್ಕಿತು. ನೀನು ಸಿಗಲಿಲ್ಲ. ಅತ್ತೆ ಚಾಪೆ ಹಾಸಲು ಬಿಡುತ್ತಿಲ್ಲ. ಸಾವಿನ ಚಾಪೆ ಹಾಸದೆ ನಮ್ಮಲ್ಲಿ ಯಾರೂ ಅಳುವಂತಿಲ್ಲವಲ್ಲ, ಹಾಗಾಗಿ ಇಡೀ ಊರು ಅಳು ನುಂಗಿಕೊಂಡು ಓಡಾಡುತ್ತಿದೆ. ಪಾದ್ರಿ ಪ್ರಾರ್ಥನೆಗೆಂದು ಬಂದರೆ, "ಯಾರು ಸತ್ರು ಅಂತ ಬಂದ್ರಿ ಸ್ವಾಮಿ? ನನ್ನ ಮಗ ಈಜೋದು ಮರ್ತಿಲ್ಲ" ಎಂದು ಮೆಟ್ಟಿಲಿನಿಂದಲೇ ಕಳಿಸಿಬಿಟ್ಟಳು. ಮಧ್ಯಾಹ್ನವಾದರೆ ನಿನ್ನ ತಟ್ಟೆಗೆ ಬೇಯಿಸಿದ ಮರಗೆಣಸು, ತೆಂಗಿನಹಾಲಿನ ಸೊಪ್ಪು ಬಡಿಸಿ ಬಟ್ಟೆ ಮುಚ್ಚಿಡುತ್ತಾಳೆ. ಸಂಜೆ ಅದು ಹಂದಿಗಳ ಪಾಲು. ನಿನ್ನ ಹೆಸರು ಹೇಳಿಕೊಂಡು ಅವು ಚೆನ್ನಾಗಿ ಮೈ ತುಂಬಿಕೊಂಡಿವೆ.

ನೀರಿನ ವಿಷಯ ಹೇಳುತ್ತೇನೆ, ನೀನು ಮೊದಲು ಕೇಳುವುದು ಅದನ್ನೇ. ಮೂರು ದಿನ ಕಡಲು ಚಹಾದ ಬಣ್ಣಕ್ಕಿತ್ತು. ಗುಡ್ಡದ ಮಣ್ಣೆಲ್ಲ ತೊರೆಯಲ್ಲಿ ಹರಿದು ಬಂದು ಸೇರಿತ್ತು. ಆಮೇಲೆ ಪಾಚಿಯ ಹಸಿರು, ಆಮೇಲೆ ಅಕ್ಕಿ ತೊಳೆದ ನೀರು. ನಮ್ಮ ನೀಲಿ ಇನ್ನೂ ಪೂರ್ತಿ ಬಂದಿಲ್ಲ. ಆದರೆ ಶನಿವಾರದ ಹಡಗಿಗೆ ಅತಿಥಿಗಳು ಬರುತ್ತಾರೆ, ನೀರು ತಿಳಿಯಾಗಿ ತೆರೆಯಿತೋ ಇಲ್ಲವೋ ನೋಡಿ ಹೇಳಿ ಎಂದು ಹೋಟೆಲಿನವರು ಹೇಳಿ ಕಳಿಸಿದರು.

ನಾವಿಬ್ಬರೂ ಅದನ್ನು ಎಷ್ಟು ಸಲ ನೋಡಿದ್ದೆವು ಭಾವ! ಒಬ್ಬ ಹವಳದ ಬಂಡೆಗಳ ನಡುವಿನ ಕಾಲುವೆಯ ಬಾಯಲ್ಲಿ, ದೋಣಿ ಕಟ್ಟುವ ಲಂಗರಿನ ಕಲ್ಲಿನವರೆಗೆ ಹಗ್ಗ ಹಿಡಿದು ಇಳಿದು, ಅಂಗೈ ಎತ್ತಿ ಹಿಡಿಯಬೇಕು. ಇನ್ನೊಬ್ಬ ಸ್ನಾರ್ಕೆಲ್ ಕೊಳವೆ ಕಚ್ಚಿಕೊಂಡು ಮೇಲೆ ಕವುಚಿ ತೇಲುತ್ತಾ ಬೆರಳು ಎಣಿಸಬೇಕು. ಐದೂ ಕಂಡರೆ ನೀರು ತೆರೆದಿದೆ, ಅತಿಥಿಗಳನ್ನು ಇಳಿಸಬಹುದು. ನೀನು ಇಳಿದರೆ ಮಾತ್ರ ನಾಲ್ಕೇ ಸಾಕು. ನಿನ್ನ ಬಲಗೈ ಕಿರುಬೆರಳನ್ನು ಇದೇ ಲಂಗರಿನ ಹಗ್ಗ ಎಂದೋ ಕಿತ್ತುಕೊಂಡಿತ್ತಲ್ಲ. ದೂರದಿಂದ ಕೈ ಬೀಸಬೇಕಾದಾಗಲೆಲ್ಲ ನೀನು ಆ ಬಲಗೈಯನ್ನೇ ಎತ್ತಿ ನಾಲ್ಕು ತೋರಿಸುತ್ತಿದ್ದೆ, ನಾನು ಐದು ತೋರಿಸಿ ಹಂಗಿಸುತ್ತಿದ್ದೆ. ಇಗರ್ಜಿಯಲ್ಲೂ ಬಿಟ್ಟಿರಲಿಲ್ಲ.

ಈಗ ನಿನ್ನ ಜಾಗಕ್ಕೆ ನಿನ್ನಕ್ಕ ಉಲಾಮಿಲಾ ಬಂದಿದ್ದಾಳೆ. ನಿನ್ನ ಮಾಸ್ಕೇ ಹಾಕಿಕೊಳ್ಳುತ್ತಾಳೆ. "ಅವನು ಬಂದ್ಮೇಲೆ ವಾಪಸ್ ಕೊಡ್ತೀನಿ" ಎನ್ನುತ್ತಾಳೆ, ಅತ್ತೆಗೆ ಕೇಳಿಸುವ ಹಾಗೆ. ಮೊನ್ನೆ ಬೆಳಿಗ್ಗೆ ಅವಳು ಇಳಿದಳು, ನಾನು ಮೇಲಿನಿಂದ ಎಣಿಸಿದೆ. ನಾಲ್ಕು.

"ಲೋ ಕಿತಿಯೋನೆ, ನಾನು ಐದೂ ಬಿಡಿಸಿ ಹಿಡಿದಿದ್ದೆ. ಕಣ್ಣಿಗೆ ಪೊರೆ ಬಂತಾ?" ಎಂದಳು ದೋಣಿಯಂಚು ಹಿಡಿದು ಏದುಸಿರು ಬಿಡುತ್ತಾ. ನೀರು ಇನ್ನೂ ಕಲಕಿದೆ, ಬದಿಯ ಬೆರಳು ಮರೆಯಾಗಿರಬೇಕು ಎಂದೆ. ನಿನ್ನೆ ನೀರು ಇನ್ನಷ್ಟು ತಿಳಿಯಾಗಿತ್ತು. ಕಲ್ಲಿಗೆ ಅಂಟಿದ ಚಿಪ್ಪುಗಳೂ ಕಾಣುತ್ತಿದ್ದವು. ಕೈ ನಿಚ್ಚಳವಾಗಿ ಕಂಡಿತು. ಹೆಬ್ಬೆರಳಿನಿಂದ ಎಣಿಸಿದೆ, ಆ ಕಡೆಯಿಂದಲೂ ಎಣಿಸಿದೆ. ನಾಲ್ಕು. ಕಿರುಬೆರಳಿನ ಜಾಗದಲ್ಲಿ ಆ ಗಂಟು, ನಾನು ಎಷ್ಟೋ ವರ್ಷ ಆಡಿಕೊಂಡ ಅದೇ ಗಂಟು. ಸ್ನಾರ್ಕೆಲ್ಲಿನೊಳಗೆ ನನ್ನ ಉಸಿರಿನ ಸದ್ದು ನನಗೇ ಬೇರೆ ಯಾರದೋ ಅನಿಸಿತು. ಉಲಾಮಿಲಾ ಮೇಲೆ ಬಂದಾಗ ಐದು ಎಂದು ಸುಳ್ಳು ಹೇಳಿದೆ.

ಸುಳ್ಳು ನನಗೆ ಅಭ್ಯಾಸವಾಗಿಬಿಟ್ಟಿದೆ ಭಾವ. ಮೊದಲನೆಯದನ್ನು ನಿನಗೇ ಹೇಳಬೇಕು.

ಚಂಡಮಾರುತದ ಆ ಬೆಳಿಗ್ಗೆ ಊರಿನ ದೋಣಿಗಳೆಲ್ಲ ಉಪ್ಪುನೀರಿನ ಕಾಂಡ್ಲಾ ಗಿಡಗಳ ಮರೆ ಸೇರಿದ್ದವು. ಕಾಲುವೆಯಲ್ಲಿ ಉಳಿದದ್ದು ಒಂದೇ, ಅದನ್ನು ತರುವ ಸರದಿ ನನ್ನದು. ನನಗೆ ಮನಸ್ಸಿರಲಿಲ್ಲ. "ನಿಮ್ಮ ಕಡೆ ಗಂಡಸ್ರಿಗೆ ಗಾಳಿ ಅಂದ್ರೆ ಹೊಟ್ಟೆ ಕೆಡುತ್ತಂತಲ್ಲ ಭಾವ, ಹೌದಾ?" ಎಂದೆ. ನಮ್ಮಲ್ಲಿ ಭಾವ ಮೈದುನರು ಹಂಗಿಸುವ ಮಾತಿಗೆ ಸಿಟ್ಟಾಗುವ ಹಾಗಿಲ್ಲ, ಸೋಲುವ ಹಾಗೂ ಇಲ್ಲ. "ನೀನು ಅಜ್ಜಿ ಜೊತೆ ಬಾಗಿಲು ಹಾಕ್ಕೊಂಡು ಕೂತಿರು. ದೋಣಿ ಜೊತೆ ನಿನ್ನ ಮರ್ಯಾದೇನೂ ಎಳ್ಕೊಂಡು ಬರ್ತೀನಿ" ಎಂದು ನೀನು ನಗುತ್ತಾ ಹೋದೆ.

ನಾನು ಕಿಟಕಿಗೆ ಹಲಗೆ ಹೊಡೆಯುತ್ತಿದ್ದೆ. ಒಮ್ಮೆ ತಿರುಗಿ ನೋಡಿದಾಗ ನೀನು ಕಾಲುವೆಯ ಬಾಯಲ್ಲಿ ನೀರಿನಲ್ಲಿದ್ದೆ. ದೋಣಿಯಲ್ಲಲ್ಲ, ನೀರಿನಲ್ಲಿ. ತಲೆ, ಮೇಲೆತ್ತಿದ ಬಲಗೈ, ನಾಲ್ಕು ಬೆರಳು. ಕೆಸರು ಕುದಿಯುವ ಕಡಲಲ್ಲಿ ನಿಂತು 'ನೀರು ತೆರೆದಿದೆ' ಎನ್ನುತ್ತಿದ್ದಾನಲ್ಲ ಕಳ್ಳ ಎಂದುಕೊಂಡೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಐದು ಬೆರಳು ಎತ್ತಿ ತೋರಿಸಿ, ಸುತ್ತಿಗೆ ತೆಗೆದುಕೊಂಡು ಗೋಡೆಗೆ ತಿರುಗಿದೆ. ಮೂರು ಮೊಳೆ ಹೊಡೆದು ನೋಡುವಷ್ಟರಲ್ಲಿ ಮಳೆ ಇಳಿದು ಕಾಲುವೆಯೇ ಕಾಣಲಿಲ್ಲ.

ಎಲ್ಲರೂ ಕೇಳಿದಾಗ 'ನಾನು ಅವನನ್ನು ನೋಡಲೇ ಇಲ್ಲ' ಎಂದೆ. ನೀನು ಕೈಯೆತ್ತಿ ಕರೆಯುತ್ತಿದ್ದಾಗ ನಾನು ನಗುತ್ತಿದ್ದೆ ಎಂದು ಯಾವ ಬಾಯಿಂದ ಹೇಳಲಿ? ಅದಕ್ಕೇ ಇಷ್ಟು ದಿನವೂ ಜನ ದೋಣಿ ಸಿಕ್ಕ ದಿಬ್ಬದ ಸುತ್ತಲೇ ಹುಡುಕಿದರು. ಲಂಗರಿನ ಕಲ್ಲಿನ ಹತ್ತಿರ ಯಾರೂ ಹುಡುಕಲಿಲ್ಲ.

ಇಂದು ಬೆಳಿಗ್ಗೆ ಉಲಾಮಿಲಾಳನ್ನು ಮೇಲಿರಿಸಿ ನಾನೇ ಇಳಿದೆ. ಮೇಲಿನ ಎರಡಾಳು ನೀರು ಬೆಚ್ಚಗೆ, ತುಸು ಮಬ್ಬಾಗಿತ್ತು. ಅದರ ಕೆಳಗೆ ಒಮ್ಮೆಲೇ ತಣ್ಣಗೆ, ಗಾಜಿನಷ್ಟು ತಿಳಿ. ಸದ್ದೇ ಇರಲಿಲ್ಲ. ಯಾವಾಗಲೂ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಗುಟ್ಟುವ ಹವಳದ ಬಂಡೆ ಸುಮ್ಮನಿತ್ತು. ಕಲ್ಲಿನ ಆಚೆ ಬದಿಗೆ ಅಲೆಗಳು ಒಡೆದ ಹವಳವನ್ನು ಗುಡ್ಡೆ ಹಾಕಿದ್ದವು, ಬಿಳಿಯ ಗುಡ್ಡೆ. ಸಣ್ಣ ಮೀನುಗಳೆಲ್ಲ ಅದರ ಕಡೆ ತಲೆ ಮಾಡಿ ನಿಂತಿದ್ದವು, ಒಂದೂ ತಿನ್ನುತ್ತಿರಲಿಲ್ಲ. ಎಡಗೈಯಲ್ಲಿ ಹಗ್ಗ ಹಿಡಿದು ಬಲಗೈ ಎತ್ತಿದೆ. ನನ್ನ ಪಕ್ಕದ ನೀರು ಯಾರೋ ಬಂದು ನಿಂತ ಹಾಗೆ ಸ್ವಲ್ಪ ಸರಿಯಿತು. ನಾನು ತಿರುಗಿ ನೋಡಲಿಲ್ಲ. ನನಗೆ ಭಯವಾಯಿತು ಭಾವ, ನಾನು ನಿನಗೆ ಹೆದರುವುದೇ! ನಾಚಿಕೆಯಾಗಬೇಕು.

ಮೇಲೆ ಬಂದಾಗ ಉಲಾಮಿಲಾ ಸ್ನಾರ್ಕೆಲ್ ಬಾಯಿಂದ ತೆಗೆದು ನನ್ನ ಕೈಗಳನ್ನೇ ನೋಡುತ್ತಿದ್ದಳು. ಎಷ್ಟು ಕಂಡಿತು ಎಂದು ಕೇಳಿದೆ.

"ಎರಡೂ ಕೈ ಯಾಕೆ ಎತ್ತಿದ್ದೆ?"

"ಒಂದೇ ಎತ್ತಿದ್ದು. ಇನ್ನೊಂದರಲ್ಲಿ ಹಗ್ಗ ಇತ್ತಲ್ಲ."

"ಒಂಬತ್ತು ಎಣಿಸಿದೆ ಕಣೋ," ಎಂದಳು.

ಆಗ ಎಲ್ಲವನ್ನೂ ಹೇಳಿಬಿಟ್ಟೆ. ಸರದಿ ನನ್ನದಾಗಿದ್ದದ್ದು, ನಿನ್ನ ಕೈ, ನನ್ನ ನಗು, ಮೂರು ಮೊಳೆ. ಹೊಡೆಯುತ್ತಾಳೆ ಎಂದು ಕಾದೆ. ಹೊಡೆದಿದ್ದರೆ ಹಗುರವಾಗುತ್ತಿತ್ತು. ಅವಳು ನೀರಿನ ಕಡೆ ನೋಡಿ, "ಪಾಪ, ಕೈ ನೋಯ್ತಿರುತ್ತೆ ಅವನಿಗೆ. ಅವತ್ತಿಂದ ಎತ್ಕೊಂಡೇ ಇದ್ದಾನೆ," ಎಂದಳು. ನಾಳೆ ಊರವರನ್ನೆಲ್ಲ ಕರೆದುಕೊಂಡು ಆ ಗುಡ್ಡೆಯ ಹವಳ ಒಂದೊಂದೇ ಎತ್ತುವುದೆಂದು ಮಾತಾಯಿತು.

ಅತ್ತೆಗೆ ನಾನೇ ಹೇಳಿದೆ, ಮೊಣಕಾಲೂರಿ ಕೂತು. ಮಧ್ಯಾಹ್ನದ ಹೊತ್ತು, ನಿನ್ನ ತಟ್ಟೆ ಆಗಲೇ ಬಡಿಸಿಯಾಗಿತ್ತು. ಅವಳು ಬಟ್ಟೆ ತೆಗೆದು, ತಟ್ಟೆಯನ್ನು ನನ್ನ ಮುಂದೆ ಸರಿಸಿದಳು. "ತಿನ್ನು. ಅವನನ್ನ ಕರ್ಕೊಂಡು ಬರೋನು ಹಸಿದಿರಬಾರದು," ಎಂದಳು. ನಾನು ತಿಂದೆ. ನಿನ್ನ ಪಾಲನ್ನು ತಿಂದೆ ಭಾವ, ಒಂದು ಚೂರೂ ಬಿಡಲಿಲ್ಲ. ನಾನು ಕೈ ತೊಳೆಯುವಾಗ ಒಳಗೆ ಅವಳು ಅಟ್ಟದಿಂದ ಚಾಪೆ ಇಳಿಸುವ ಸದ್ದು ಕೇಳಿಸಿತು.

ಈ ಕಾಗದವನ್ನು ನಾಳೆ ಎದೆಗೆ ಕಟ್ಟಿಕೊಂಡು ಇಳಿಯುತ್ತೇನೆ. ಶಾಯಿ ಕರಗಿದರೆ ಕರಗಲಿ, ನೀನು ಓದಿಕೊಳ್ಳುತ್ತೀ. ಇನ್ನೊಂದು ರಾತ್ರಿ ತಡೆದುಕೋ. ಕೈ ಇಳಿಸಬೇಡ. ಈ ಸಲ ನಾನು ನಗುವುದಿಲ್ಲ.

ನಿನ್ನ ಕಡಲು ನಿನಗೆ ಮೆತ್ತಗಿರಲಿ ಭಾವ.

ನಿನ್ನ ಐದು ಬೆರಳಿನ ಮೈದುನ,
ಕಿತಿಯೋನೆ